ಗಿರಣಿ ಮೇಲಿನ ಮನೆ, ಕೂಗುವ ಪಿಎಸ್‌4: ನಾನೇ ಬಿಚ್ಚಲಾ, ಅಂಗಡಿಗೆ ಕೊಡಲಾ?

ಗಿರಣಿ ಮ್ಯಾಲಿನವ
ನಮಸ್ಕಾರ. ನಾನು ಕಲಬುರಗಿಯವನು. ನಮ್ಮ ಮನೆ ಹಿಟ್ಟಿನ ಗಿರಣಿಯ ಮೇಲಿದೆ. ಮುಂಜಾನೆಯಿಂದ ಸಂಜೆತನಕ ಕೆಳಗೆ ಜೋಳ ಬೀಸುತ್ತಲೇ ಇರುತ್ತಾರೆ. ನನ್ನ ಹತ್ತಿರ ಹಳೇ ಪಿಎಸ್‌4 (ಟಿವಿಗೆ ಹಚ್ಚಿ ಆಡೋ ಸೋನಿ ಗೇಮ್ ಯಂತ್ರ) ಇದೆ, ಮೊದಲು ಬಂತಲ್ಲ, ಆ ದಪ್ಪ ಮಾಡೆಲ್. ಸೆಕೆಂಡ್‌ಹ್ಯಾಂಡ್ ತಗೊಂಡು ಐದು ವರ್ಷ ಆಯ್ತು. ಈಗ ಹದಿನೈದು ನಿಮಿಷ ಆಡಿದರೆ ಸಾಕು, ಫ್ಯಾನು ಗಿರಣಿಗಿಂತ ಜೋರಾಗಿ ಕೂಗುತ್ತದೆ. ತುಂಬಾ ಬಿಸಿಯಾಗಿದೆ ಅಂತ ಟಿವಿ ಮೇಲೆ ಬರುತ್ತದೆ, ಕೆಂಪು ಲೈಟು ಹತ್ತುತ್ತದೆ, ಬಂದ್ ಆಗುತ್ತದೆ. ಒಂದು ಅಂಗಡಿಗೆ ಒಯ್ದೆ. ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ, 6,500 ಆಗುತ್ತೆ" ಅಂದರು. ಮನೆಯಲ್ಲೇ ಬಿಚ್ಚಬಹುದಾ? ಸೈಕಲ್ ಬಿಟ್ಟು ಬೇರೇನೂ ಬಿಚ್ಚಿದವನಲ್ಲ ನಾನು.

ಬೀದರ್ ಬಿಚ್ಚಣ್ಣ
ತಮ್ಮಾ, ಬೋರ್ಡ್ ಹೋಗಿದ್ದರೆ ಹದಿನೈದು ನಿಮಿಷ ಆಟ ಹೇಗೆ ಆಡ್ತಿದ್ದೆ? ಕೆಂಪು ಲೈಟು ಅಂದರೆ ಬಿಸಿ, ಅಷ್ಟೇ. ಒಳಗೆ ದೊಡ್ಡದೇನಾದರೂ ಕೆಟ್ಟಿದ್ದರೆ ನೀಲಿ ಲೈಟು ಮಿಣುಕಿ ಮಿಣುಕಿ ಆರುತ್ತದೆ, ಬಿಳಿಗೆ ಬರುವುದೇ ಇಲ್ಲ. ಗಿರಣಿ ಮೇಲೆ ಮನೆ ಅಂತ ನೀನೇ ಬರೆದಿದ್ದೀಯ. ಮುಚ್ಚಳ ತೆಗಿ, ಹವಾ ಹೊಡಿ, ಚಿಪ್ಪಿನ ಬಿಸಿ ಹೀಟ್‌ಸಿಂಕ್‌ಗೆ ದಾಟಿಸೋ ಪೇಸ್ಟ್ ಹೊಸದು ಹಚ್ಚು. ಅರ್ಧ ತಾಸಿನ ಕೆಲಸ. 6,500 ಕೊಟ್ಟು ಯಾಕೆ ಟೋಪಿ ಹಾಕಿಸಿಕೊಳ್ತೀಯ?

ಸೋಲ್ಡರ್ ಕಾಕಾ
ಅರ್ಧ ತಾಸು ಅಂತ ಹೇಳಿದವರನ್ನು ನಂಬಿದವರೇ ನನ್ನ ಟೇಬಲ್ಲಿಗೆ ಬರೋದು. ಚೀಲದಲ್ಲಿ ಬಾಡಿ, ಅಂಗಿ ಜೇಬಲ್ಲಿ ಸ್ಕ್ರೂ. ನಾನು ಇದೇ ಊರಲ್ಲಿ ಹದಿನೆಂಟು ವರ್ಷದಿಂದ ರಿಪೇರಿ ಮಾಡ್ತಿದ್ದೇನೆ.

ಮೊದಲು, ಆ ಮಾಡೆಲ್ ಬಿಚ್ಚೋದು ಬೋರಲು ಹಾಕಿ, ತಳದಿಂದ. ಬಿಚ್ಚಿದ ಕೂಡಲೇ ಎದುರಿಗೆ ಸಿಗೋದು ಪವರ್ ಸಪ್ಲೈ. ಲ್ಯಾಪ್‌ಟಾಪ್‌ಗೆ ಹೊರಗೆ ಅಡಾಪ್ಟರ್ ಇರುತ್ತಲ್ಲ, ಇದಕ್ಕೆ ಹಾಗಿಲ್ಲ. ಗೋಡೆಯ 230 ವೋಲ್ಟ್ ನೇರ ಒಳಗೇ ಬರುತ್ತದೆ. ಹುಡುಗ ಸೈಕಲ್ ಮಾತ್ರ ಬಿಚ್ಚಿದ್ದೀನಿ ಅಂತಿದ್ದಾನೆ, ನೀವು ಬಿಚ್ಚು ಬಿಚ್ಚು ಅಂತೀರಿ.

ಹಾಂ, ಬಿಚ್ಚಿ ನೋಡದೆ ಬೋರ್ಡ್ ಹೋಗಿದೆ ಅಂದಿದ್ದೂ ತಪ್ಪೇ. ಅದನ್ನು ನಾನು ಸಮರ್ಥಿಸಲ್ಲ.

ಬೀದರ್ ಬಿಚ್ಚಣ್ಣ
ಕಾಕಾ, ಎಲ್ಲರೂ ಬಿಚ್ಚೋಕೆ ಕಲಿತರೆ ನಿಮ್ಮ ಗಲ್ಲಾಪೆಟ್ಟಿಗೆಗೆ ಕಷ್ಟ, ಅಲ್ವಾ? 😄

ಸೋಲ್ಡರ್ ಕಾಕಾ
ಉಲ್ಟಾ. ನೀವು ಬಿಚ್ಚಿದಷ್ಟೂ ನನಗೆ ಧಂದೆ ಜಾಸ್ತಿ.

ತೊಗರಿ ಕಣಜ
ಇಬ್ಬರೂ ಸ್ವಲ್ಪ ತಡೀರಿ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡ್ತೀನಿ, ಹಾಗಾಗಿ ಬಾಯಿ ಹಾಕ್ತಿದ್ದೀನಿ. ಕಾಕಾ ಹೆದರಿಸ್ತಿಲ್ಲ. 230 ವೋಲ್ಟ್ ಎಸಿಯ ತುದಿ ಸುಮಾರು 325 ವೋಲ್ಟ್. ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್ ಅಷ್ಟರತನಕ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆದರೆ ಅದು ಕಪ್ಪು ಡಬ್ಬಿಯೊಳಗೆ ಇದೆ. ವಯರ್ ಎಲ್ಲ ತೆಗೆದು ಒಂದು ತಾಸು ಬಿಟ್ಟು, ಡಬ್ಬಿಯನ್ನು ಡಬ್ಬಿಯಾಗಿಯೇ ಎತ್ತಿಟ್ಟರೆ ಭಯ ಇಲ್ಲ. ಆ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು.

ಇನ್ನು ಬಿಸಿ ಯಾಕೆ ಅಂದರೆ: ಫ್ಯಾನು ಗಾಳಿ ಎಳೆದು, ಚಿಪ್ಪಿನ ಬಿಸಿ ಹೀರೋ ಹೀಟ್‌ಸಿಂಕ್‌ನ ತೆಳು ತಗಡುಗಳ ಸಂದಿಯಿಂದ ದೂಡುತ್ತದೆ. ಅದೇ ಗಾಳಿ ಮುಂದೆ ಪವರ್ ಸಪ್ಲೈ ದಾಟಿ ಹಿಂದಿನಿಂದ ಹೊರಗೆ ಹೋಗುತ್ತದೆ. ಸಂದಿ ಕಟ್ಟಿದರೆ ಚಿಪ್ಪೂ ಬೇಯುತ್ತದೆ, ಸಪ್ಲೈಯೂ ಬೇಯುತ್ತದೆ. ಅದರ ಮೇಲೆ ನಮ್ಮೂರಿನ ಮೇ ತಿಂಗಳು. ಕೋಣೆಯೇ 40 ಡಿಗ್ರಿ ಇದ್ದಾಗ ಫ್ಯಾನು ತಣ್ಣನೆ ಗಾಳಿ ಎಲ್ಲಿಂದ ತರಬೇಕು?

ಶಹಾಬಾದ್ ಫರಸಿ
ನಾನು ನನ್ನ ಕಂಪ್ಯೂಟರನ್ನು ಪಂಚರ್ ಅಂಗಡಿಗೆ ಒಯ್ದು 20 ರೂಪಾಯಿ ಕೊಟ್ಟು ಹವಾ ಹೊಡೆಸಿದ್ದೆ. ಕಲ್ಲಿನ ಪುಡಿ ಮೋಡದ ಹಾಗೆ ಎದ್ದಿತು. ಇದಕ್ಕೂ ಅದೇ ಮಾಡಬಹುದಲ್ಲ?

ಸೋಲ್ಡರ್ ಕಾಕಾ
ಬೇಡಪ್ಪಾ. ಆ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಹವಾ ಜೊತೆ ತುಂತುರು ಬರುತ್ತದೆ. ಇನ್ನೊಂದು: ಗಾಳಿ ಹೊಡೆದಾಗ ಫ್ಯಾನು ಭರ್ರಂತ ತಿರುಗಿದರೆ ಅದೇ ಡೈನಮೋ ಆಗಿ ಬೋರ್ಡಿಗೆ ಕರೆಂಟು ತಳ್ಳುತ್ತದೆ, ಬೇರಿಂಗೂ ಹಾಳು. ಊದುಬತ್ತಿ ಕಡ್ಡಿಯಿಂದ ರೆಕ್ಕೆ ಹಿಡಿದುಕೊಂಡು ಸಣ್ಣ ಬ್ಲೋವರ್ ಹಿಡಿ. ಮೆತ್ತಗಿನ ಪೇಂಟ್ ಬ್ರಶ್ ಇದ್ದರೆ ಇನ್ನೂ ಒಳ್ಳೇದು.

ಯಾದಗಿರಿ ಜಾಯ್‌ಸ್ಟಿಕ್
ಇಷ್ಟೆಲ್ಲ ಯಾಕೆ? ಹೀಟ್ ಗನ್ ತಗೊಂಡು ಚಿಪ್ಪಿನ ಮೇಲೆ ಐದು ನಿಮಿಷ ಹಿಡಿದರೆ ಸೋಲ್ಡರ್ ಕರಗಿ ಮತ್ತೆ ಕೂಡುತ್ತೆ. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಕೆಟ್ಟಾಗ ಅದಕ್ಕೆ ಟವೆಲ್ ಸುತ್ತಿ ಚಾಲೂ ಮಾಡ್ತಿದ್ದರಲ್ಲ, ಅದೇ ಉಪಾಯ.

ತೊಗರಿ ಕಣಜ
ಅಯ್ಯೋ, ಬೇಡ. ಆ ಟವೆಲ್ ಕಥೆ ಗೊತ್ತು. 360 ಕೆಟ್ಟಾಗ ಹತ್ತುತ್ತಿದ್ದ ಕೆಂಪು ಲೈಟಿನ ಉಂಗುರ ಎಷ್ಟು ದೊಡ್ಡ ತಲೆನೋವಾಯ್ತು ಅಂದರೆ 2007ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆಂದೇ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು, ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ತೆಗೆದಿಟ್ಟಿತು. ಟವೆಲ್‌ನಿಂದ ರಿಪೇರಿ ಆಗೋ ಹಾಗಿದ್ದರೆ ಅವರೇ ಮನೆಮನೆಗೆ ಟವೆಲ್ ಕಳಿಸ್ತಿದ್ದರು. ಬಿಸಿಗೆ ಕೆಟ್ಟ ಜೋಡಣೆ ಇನ್ನಷ್ಟು ಬಿಸಿಗೆ ಸ್ವಲ್ಪ ದಿನ ಅಂಟಿಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಈ ಹುಡುಗನದ್ದು ಇನ್ನೂ ಕೆಟ್ಟೇ ಇಲ್ಲ. ಕೆಡದಿರೋದನ್ನು ಯಾಕೆ ಸುಡಬೇಕು?

ಶಹಾಬಾದ್ ಫರಸಿ
ನಾನು ಒಂದು ಗ್ರಾಫಿಕ್ಸ್ ಕಾರ್ಡನ್ನು ಕೇಕ್ ಮಾಡೋ ಓವನ್‌ನಲ್ಲಿ ಇಟ್ಟಿದ್ದೆ. ಒಂಬತ್ತು ದಿನ ನಡೀತು. ಆಮೇಲೆ ಕಾರ್ಡೂ ಹೋಯ್ತು, ಆ ಓವನ್‌ನಲ್ಲಿ ಮಾಡಿದ್ದನ್ನು ತಿನ್ನೋದನ್ನು ನಮ್ಮನೇವರೂ ಬಿಟ್ಟರು.

ಸೋಲ್ಡರ್ ಕಾಕಾ
😂 ಯಾದಗಿರಿ ತಮ್ಮಾ, ನೋಡಿಕೋ.

ಗಿರಣಿ ಹುಡುಗ, ಯಾರಾದರೂ ಬೋರ್ಡ್ ಬದಲಿಸೋಣ ಅಂದರೆ ಒಪ್ಪಬೇಡ. ಡಿಸ್ಕ್ ಡ್ರೈವಿನ ಸಣ್ಣ ಬೋರ್ಡೂ ಮದರ್‌ಬೋರ್ಡೂ ಗಂಡ-ಹೆಂಡತಿ ಇದ್ದ ಹಾಗೆ. ಒಂದನ್ನೇ ಬದಲಿಸಿದರೆ ಸಿಡಿ ಹಾಕಿದ ಆಟ ನಡೆಯಲ್ಲ. 6,500 ಕೊಟ್ಟು ಬಂದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತೆ.

ಬೀದರ್ ಬಿಚ್ಚಣ್ಣ
ಇದು ನನಗೂ ಗೊತ್ತಿರಲಿಲ್ಲ ಕಾಕಾ. ಸರಿ, ಗಲ್ಲಾಪೆಟ್ಟಿಗೆ ಮಾತು ವಾಪಸ್.

ತೊಗರಿ ಕಣಜ
ಹಾರ್ಡ್ ಡಿಸ್ಕೂ ಅಷ್ಟೇ. ಅದರಲ್ಲಿರೋದನ್ನು ಬೇರೆ ಪಿಎಸ್‌4 ಓದಲ್ಲ. ಅದಕ್ಕೇ ಬಿಚ್ಚೋ ಮೊದಲು ನಿನ್ನ ಆಟದ ಸೇವ್‌ಗಳನ್ನು ಸೆಟ್ಟಿಂಗ್ಸ್‌ನಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೋ. ಹದಿನೈದು ನಿಮಿಷ ಸಿಗುತ್ತಲ್ಲ, ಸಾಕು. ಮುಂಜಾನೆ ತಂಪಲ್ಲಿ ಮಾಡು.

ಯಾದಗಿರಿ ಜಾಯ್‌ಸ್ಟಿಕ್
ಸ್ಟಿಕರ್ ಹರಿದರೆ ವಾರಂಟಿ ಹೋಗಲ್ವಾ?

ಬೀದರ್ ಬಿಚ್ಚಣ್ಣ
2014ರ ಜನವರಿಯಲ್ಲಿ ಇಲ್ಲಿಗೆ ಬಂದ ಮಾಡೆಲ್ ಅದು, 39,990 ಇತ್ತು ಆಗ. ಎಲ್ಲಿಯ ವಾರಂಟಿ ಮಾರಾಯಾ? ರಿಪೇರಿ ಹಕ್ಕು ಅಂತ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪೋರ್ಟಲ್ಲೇ ಶುರು ಮಾಡಿದೆ, ಹೊಸದು ಇರೋರು ಅಲ್ಲಿ ನೋಡಿಕೊಳ್ಳಲಿ. ಸ್ಟಿಕರ್ ಕೆಳಗಿನ ಸ್ಕ್ರೂಗೆ ಮಾಮೂಲಿ ಪೇಚಕಸ್ ನಡೆಯಲ್ಲ ಗಿರಣಿ. ಆರು ಮೂಲೆಯ ನಕ್ಷತ್ರ, ನಡುವೆ ತೂತಿರೋ ಟಾರ್ಕ್ಸ್ ಬಿಟ್ ಬೇಕು, ಟಿ8. ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಕೇಳು.

ಸೋಲ್ಡರ್ ಕಾಕಾ
ನನ್ನ ಮಾತು ಇಷ್ಟೇ. ಈ ಸಲ ಧೂಳು ಮಾತ್ರ ತೆಗಿ. ಪೇಸ್ಟ್ ಬದಲಿಸಬೇಕಂದರೆ ಡ್ರೈವು, ಬೋರ್ಡು ಎಲ್ಲ ಹೊರಗೆ ಬರಬೇಕು, ಅದು ಮೊದಲನೇ ಸಲದ ಕೆಲಸ ಅಲ್ಲ. ಧೂಳು ತೆಗೆದೂ ಕೂಗಿದರೆ ಆಗ ಪೇಸ್ಟ್. ಮತ್ತೆ ಪಿಎಸ್‌5 ಇರೋರು ಇದನ್ನು ಓದಿ ಕೈ ಹಾಕಬೇಡಿ. ಅದರಲ್ಲಿ ಪೇಸ್ಟ್ ಬದಲು ದ್ರವ ಲೋಹ ಇದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್.

ಬೀದರ್ ಬಿಚ್ಚಣ್ಣ
ಇದನ್ನು ಒಪ್ಪಲ್ಲ. ಅಷ್ಟು ಹಳೇದು ಅಂದ ಮೇಲೆ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತೆ. ಒಂದೇ ಸಲ ಬಿಚ್ಚಿ ಎರಡೂ ಮುಗಿಸೋದು ಬಿಟ್ಟು ಎರಡೆರಡು ಸಲ ಯಾಕೆ?

ಗಿರಣಿ ಮ್ಯಾಲಿನವ
ಎಲ್ಲರಿಗೂ ಥ್ಯಾಂಕ್ಸ್. ಐತವಾರ ಗಿರಣಿ ಬಂದ್ ಇತ್ತು, ಅವತ್ತೇ ಕೂತೆ. ಬಿಚ್ಚಣ್ಣ, ಬೇಜಾರಾಗಬೇಡಿ, ಕಾಕಾನ ಮಾತೇ ಕೇಳಿದೆ. ಸೇವ್ ಎಲ್ಲ ಪೆನ್‌ಡ್ರೈವ್‌ಗೆ ಹಾಕಿದೆ. ಪ್ಲಗ್ ಕಿತ್ತು ಊಟ ಮಾಡಿ ಬಂದು ಬಿಚ್ಚಿದೆ. ಅವ್ವ ರೊಟ್ಟಿ ಬುಟ್ಟಿಯ ಮುಚ್ಚಳ ಕೊಟ್ಟಳು, ಸ್ಕ್ರೂ ಇಡೋಕೆ.

ಕಪ್ಪು ಡಬ್ಬಿ ಎತ್ತಿದ ಮೇಲೆ ಕಂಡಿದ್ದು ಧೂಳಲ್ಲ, ಕಂಬಳಿ. ಹೀಟ್‌ಸಿಂಕ್‌ನ ಬಾಯಿಗೆ ಬೆರಳಿನಷ್ಟು ದಪ್ಪಗೆ, ಬೂದು ಬಣ್ಣದ್ದು, ಒತ್ತಿದರೆ ಮೆತ್ತಗೆ. ಚಿಮಟಿಗೆಯಿಂದ ಒಂದು ಮೂಲೆ ಹಿಡಿದು ಎಳೆದೆ, ಇಡೀ ಪಟ್ಟಿ ಒಂದೇ ಸಲಕ್ಕೆ ಬಂತು. ತಗಡಿನ ಗೆರೆ ಎಲ್ಲ ಅದರ ಮೇಲೆ ಅಚ್ಚಾಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ಜೋಳದ ಹಿಟ್ಟಿನ ವಾಸನೆ! ಕೆಳಗೆ ಗಿರಣಿ ಮಾಮಾಗೆ ತೋರಿಸಿದೆ. "ಇದು ಎರಡು ನಂಬರ್ ಹಿಟ್ಟು, ಸ್ವಲ್ಪ ದಪ್ಪ ಬೀಸಿದೆ" ಅಂದರು.

ನಿನ್ನೆ ರಾತ್ರಿ ಎರಡು ತಾಸು ಆಡಿದೆ. ಬಂದ್ ಆಗಲಿಲ್ಲ. ಫ್ಯಾನು ಕೂಗುತ್ತೆ, ಆದರೆ ಮಾತಾಡಿದ್ದು ಕೇಳುತ್ತೆ.

ಒಂದೇ ಚಿಂತೆ. ಎಲ್ಲ ಜೋಡಿಸಿದ ಮೇಲೆ ಮುಚ್ಚಳದಲ್ಲಿ ಒಂದು ಸ್ಕ್ರೂ ಉಳಿದಿದೆ.

ಬೀದರ್ ಬಿಚ್ಚಣ್ಣ
ನಡೀತಿದೆಯಲ್ಲ, ಬಿಡು. ನನ್ನ ಮನೇಲಿ ಅಂಥವು ಒಂದು ಡಬ್ಬಿ ಇವೆ.

ಸೋಲ್ಡರ್ ಕಾಕಾ
ಬಿಡಬೇಡ. ಉದ್ದದ್ದಾ, ಗಿಡ್ಡದ್ದಾ?

ಗಿರಣಿ ಮ್ಯಾಲಿನವ
ಉದ್ದದ್ದು ಕಾಕಾ.

ಸೋಲ್ಡರ್ ಕಾಕಾ
ಹಾಗಾದರೆ ಅದು ಪವರ್ ಸಪ್ಲೈಯದ್ದೇ ಇರಬೇಕು. ಪ್ಲಗ್ ಕೀಳು, ಊಟ ಮಾಡು, ಮತ್ತೆ ಬಿಚ್ಚು.