ಆನಿಯ ವಾಸ್ತುಶಿಲ್ಪಿ ತ್ರದಾತನ ಕಟ್ಟಡಗಳ ಬಗ್ಗೆ ತಿಳಿಸುವಿರಾ?

ಪ್ರಶ್ನೆ (ಚಿತ್ರದುರ್ಗದಿಂದ):
ಗಾರೆಯಿಲ್ಲದೆ ಕಣಶಿಲೆಯ ದಿಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟಿದ ನಮ್ಮ ಕೋಟೆಯ ಗೋಡೆಗಳನ್ನು ನೋಡುತ್ತಲೇ ಬೆಳೆದ ನನಗೆ ಕಲ್ಲುಗೆಲಸದಲ್ಲಿ ವಿಶೇಷ ಆಸಕ್ತಿ. ಅರ್ಮೇನಿಯಾದ ತ್ರದಾತ್ ಎಂಬವನು ಕಾನ್‌ಸ್ಟಾಂಟಿನೋಪಲಿನ (ಈಗಿನ ಇಸ್ತಾಂಬುಲ್) ಹಗಿಯಾ ಸೋಫಿಯಾ ಇಗರ್ಜಿಯನ್ನು ದುರಸ್ತಿ ಮಾಡಿದನೆಂದು ಓದಿದೆ. ಅವನು ಸ್ವತಃ ಕಟ್ಟಿದ್ದೇನು, ಅಲ್ಲಿನ ಗೋಡೆಗಳ ರಚನೆ ಎಂಥದ್ದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ದಾವಣಗೆರೆಯಿಂದ):
ಸರ್, 989ರ ಭೂಕಂಪದಲ್ಲಿ ಹಗಿಯಾ ಸೋಫಿಯಾದ ಪಶ್ಚಿಮದ ಕಮಾನೂ ಗುಮ್ಮಟದ ಒಂದು ಭಾಗವೂ ಕುಸಿದಾಗ, ತ್ರದಾತ್ ಮೊದಲು ಮಾದರಿಯೊಂದನ್ನು ಸಿದ್ಧಪಡಿಸಿ ನಂತರ ಕೆಲಸಕ್ಕೆ ಕೈಹಾಕಿದನೆಂದು ಅವನ ಸಮಕಾಲೀನನಾದ ಇತಿಹಾಸಕಾರ ಸ್ತೆಪಾನೋಸ್ ದಾಖಲಿಸಿದ್ದಾನೆ. 994ರಲ್ಲಿ ಅದು ಮತ್ತೆ ತೆರೆಯಿತು. ಆದರೆ ನನ್ನ ದೃಷ್ಟಿಯಲ್ಲಿ ಅವನ ಶ್ರೇಷ್ಠ ಕೃತಿ, ದೊರೆ ಎರಡನೆಯ ಸ್ಂಬಾತನ ಕಾಲದಲ್ಲಿ ಆರಂಭವಾಗಿ 1001ರಲ್ಲಿ ರಾಣಿ ಕತ್ರಾನಿದೆಯ ಆಶ್ರಯದಲ್ಲಿ ಮುಗಿದ, ಅರ್ಮೇನಿಯಾದ ಅಂದಿನ ರಾಜಧಾನಿ ಆನಿಯ ಪ್ರಧಾನ ಇಗರ್ಜಿ (ಕೆಥೀಡ್ರಲ್). ಅಲ್ಲಿನ ಗೊಂಚಲು ಕಂಬಗಳೂ ಮೊನಚು ಕಮಾನುಗಳೂ ಫ್ರಾನ್ಸಿನ ಗಾಥಿಕ್ ಶೈಲಿಗಿಂತ ಶತಮಾನಕ್ಕೂ ಹೆಚ್ಚು ಹಿಂದಿನವು. ಈಗಿನ ಟರ್ಕಿಯ ಗಡಿಯಂಚಿನಲ್ಲಿರುವ ಆ ಕಟ್ಟಡದ ಗುಮ್ಮಟ 1319ರ ಭೂಕಂಪದಲ್ಲಿ ಬಿದ್ದುಹೋಯಿತೆಂಬುದು ನೋವಿನ ಸಂಗತಿ.

ಇನ್ನೊಂದು ಉತ್ತರ (ಚಿತ್ರದುರ್ಗದಿಂದ):
ಗೋಡೆಯ ಕುರಿತು ಸೇರಿಸುತ್ತೇನೆ. ಅಲ್ಲಿಯದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟಫ್ ಎಂಬ ಹಗುರ ಕಲ್ಲು. ನಯವಾಗಿ ಕೆತ್ತಿದ ಚಪ್ಪಡಿಗಳನ್ನು ಒಳಮುಖಕ್ಕೂ ಹೊರಮುಖಕ್ಕೂ ನಿಲ್ಲಿಸಿ, ನಡುವೆ ಸುಣ್ಣದ ಗಾರೆಯನ್ನೂ ಕಲ್ಲುಚೂರುಗಳನ್ನೂ ತುಂಬುತ್ತಿದ್ದರು. ಭಾರ ಹೊರುವುದು ಮುಖ್ಯವಾಗಿ ಆ ತಿರುಳೇ. ನಮ್ಮ ಕೋಟೆಯಲ್ಲಾದರೋ ಕಲ್ಲಿನ ತೂಕವೇ ಆಧಾರ. ಏಳನೆಯ ಶತಮಾನದ ಜ್ವಾರ್ತ್ನೋತ್ಸ್ ಎಂಬ ಅರ್ಮೇನಿಯಾದ ಇಗರ್ಜಿಯನ್ನು ಅನುಸರಿಸಿ ತ್ರದಾತ್ ಆನಿಯಲ್ಲಿಯೇ ಕಟ್ಟಿದ ವೃತ್ತಾಕಾರದ ಇಗರ್ಜಿ ಮಾತ್ರ ಹೆಚ್ಚು ಕಾಲ ನಿಲ್ಲಲಿಲ್ಲ.