ನಮ್ಮೊಳಗೆ ಸುದ್ದಿ ಮುಟ್ಟಿಸೋರು ಯಾರು ಅಂತ ಹುಡುಕಬೇಕಾ? (ಮಾಲ್ದಾರೆ ಕಡೆಯ ಹಾಡಿಯಿಂದ ಒಂದು ಪ್ರಶ್ನೆ)

ಹಾಡಿ ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಮಾಲ್ದಾರೆ ಕಡೆಯ ಒಂದು ಹಾಡಿಯವಳು, ಅಂದರೆ ಆದಿವಾಸಿಗಳ ಊರಿನವಳು. ಡಿಗ್ರಿ ಮುಗಿಸಿ ಊರಿಗೆ ಬಂದ ಮೇಲೆ ನಮ್ಮ ಅರಣ್ಯ ಹಕ್ಕು ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಕಾಡಿನ ಜಾಗದ ಹಕ್ಕು ಕೇಳುವ ಅರ್ಜಿ ಬರೆಯೋದು, ಹಾಜರಿ ಪುಸ್ತಕ ಇಟ್ಟುಕೊಳ್ಳೋದು ನನ್ನ ಕೆಲಸ.

ಮೂರು ತಿಂಗಳಿಂದ ಒಬ್ಬರು ಬೈಕಿನಲ್ಲಿ ಬರುತ್ತಿದ್ದಾರೆ. ಮಫ್ತಿಯಲ್ಲಿರುತ್ತಾರೆ. ಹೆಸರು ಕೇಳಿದರೆ ಹೇಳುವುದಿಲ್ಲ, "ಇಲಾಖೆಯವನು, ಸುಮ್ನೆ ಮಾಹಿತಿಗೆ" ಅನ್ನುತ್ತಾರೆ. ಮೊದಲ ಸಲ ಸಭೆ ನಡೆಯುವಾಗ ಬಂದು ಮೊಬೈಲಿನಲ್ಲಿ ಎಲ್ಲರ ಮುಖ ವಿಡಿಯೋ ಮಾಡಿದರು. ಆಮೇಲೆ ನನ್ನ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು ಒಂದೊಂದೇ ಪುಟದ ಫೋಟೊ ತೆಗೆದರು. ನಮ್ಮಲ್ಲಿ ಜಾಸ್ತಿ ಜನ ಹೆಬ್ಬೆಟ್ಟು ಒತ್ತುವವರು. ಒತ್ತಿದ ಮೇಲೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ. ಅವತ್ತು ಒಬ್ಬ ಅಜ್ಜಿ ಒರೆಸಿಕೊಳ್ಳಲೇ ಇಲ್ಲ. ನೀಲಿ ಬೆರಳನ್ನು ಹಾಗೇ ಮುಂದೆ ಹಿಡಿದುಕೊಂಡು, "ಮಗಾ, ಇದನ್ನ ಅಳಿಸೋಕೆ ಆಗಲ್ವಾ?" ಅಂತ ಕೇಳಿದರು. ಬೆರಳಿನದ್ದಲ್ಲ, ಪುಸ್ತಕದಲ್ಲಿ ಇದ್ದದ್ದನ್ನು.

ಮಾರನೇ ದಿನ ಆ ಬೈಕಿನವರು ಅವ್ವನ ಹತ್ತಿರ ನನ್ನ ಮೊಬೈಲ್ ನಂಬರ್ ಕೇಳಿದ್ದಾರೆ. ಅಪ್ಪ ಕೆಲಸಕ್ಕೆ ಹೋಗುವ ತೋಟದಲ್ಲಿ ಕೆಲಸ ನೋಡಿಕೊಳ್ಳುವ ರೈಟರ್ ಅಪ್ಪನನ್ನು ಬೇರೆ ಕರೆದು, ಮಗಳ ಮೇಲೆ ಕಣ್ಣಿಡು ಅಂದಿದ್ದಾರೆ.

ನಮ್ಮ ಹಾಡಿಯಲ್ಲಿ 96 ಜನ ದೊಡ್ಡವರು. ಗ್ರಾಮಸಭೆ ನಡೆಯಬೇಕಾದರೆ ಅರ್ಧ ಜನ ಇರಲೇಬೇಕು, ಅಂದರೆ 48. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಮೊದಲು 60 ದಾಟುತ್ತಿತ್ತು. ಕಳೆದ ಸಲ ಬಂದವರು 17. ಕೋರಂ ಇಲ್ಲದೆ ಅರ್ಜಿಗಳ ಮೇಲೆ ನಿರ್ಣಯ ಮಾಡುವ ಹಾಗಿಲ್ಲ. ಯಾರೂ ನಮ್ಮನ್ನು ತಡೆಯಲಿಲ್ಲ, ಯಾರೂ ಹೊಡೆಯಲಿಲ್ಲ. ಸಭೆ ಮಾತ್ರ ನಿಂತುಹೋಯಿತು.

ಇದಕ್ಕಿಂತ ನೋವಾಗಿರುವುದು ಇನ್ನೊಂದು. ಯಾವತ್ತು ಸಭೆ, ಯಾರು ಏನು ಮಾತಾಡಿದರು ಅನ್ನುವುದು ಆ ಬೈಕಿನವರಿಗೆ ಗೊತ್ತಿರುತ್ತದೆ. ನಮ್ಮೊಳಗಿನವರೇ ಹೇಳುತ್ತಿದ್ದಾರೆ ಅಂತ ಈಗ ಎಲ್ಲರ ಬಾಯಲ್ಲೂ ಮಾತು. ಎಲ್ಲರ ಬೆರಳೂ ಜೀಪಣ್ಣನ ಕಡೆಗೆ. ದೂರದ ಮನೆಗಳ ವಯಸ್ಸಾದವರನ್ನು ಬಾಡಿಗೆ ಕೇಳದೆ ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದವರು ಅವರು. ಈಗ ಫೋನ್ ಎತ್ತುತ್ತಿಲ್ಲ. ಸಮಿತಿಯಿಂದ ತೆಗೆಯೋಣ ಅನ್ನುತ್ತಿದ್ದಾರೆ ಹುಡುಗರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಬೇಕು? ತಿಳಿದವರು ಹೇಳಿ.

ಮಡಿಕೇರಿ ವಕೀಲ:

ಕಾನೂನಿನ ಮಟ್ಟಿಗೆ ಹೇಳುತ್ತೇನೆ ತಂಗಿ.

ಅಮ್ಮನ ಹತ್ತಿರ ನಂಬರ್ ಕೇಳಿದರೆ ಕೊಡಲೇಬೇಕು ಅಂತೇನಿಲ್ಲ. ಯಾವುದಾದರೂ ಕೇಸಿನಲ್ಲಿ ಸಾಕ್ಷಿಯಾಗಿ ಕರೆಯಬೇಕಾದರೆ ಲಿಖಿತ ನೋಟಿಸ್ ಬೇಕು. ಹೆಂಗಸರನ್ನು, 60 ದಾಟಿದವರನ್ನು ಹಾಗೆ ವಿಚಾರಿಸುವುದಿದ್ದರೆ ಅವರ ಮನೆಗೇ ಬರಬೇಕು, ಠಾಣೆಗೆ ಬಾ ಅನ್ನುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಇದು. ಹಾಜರಿ ಪುಸ್ತಕ ನಿಮ್ಮ ಸಮಿತಿಯ ದಾಖಲೆ. ಮುಂದಿನ ಸಲ ಯಾರಾದರೂ ಕೇಳಿದರೆ, "ಬರವಣಿಗೆಯಲ್ಲಿ ಕೇಳಿ, ಸಭೆಯ ಮುಂದೆ ಇಡುತ್ತೇನೆ" ಅನ್ನಿ. ಜಗಳ ಬೇಡ. ಬಂದ ದಿನ, ಹೊತ್ತು, ಬೈಕ್ ನಂಬರ್ ಅದೇ ಪುಸ್ತಕದಲ್ಲಿ ಬರೆದಿಡಿ.

ಈ ಬಾಗಿಲು ತಟ್ಟುವ ವಿಷಯ ಹಳೆಯದು. ಉತ್ತರ ಪ್ರದೇಶದಲ್ಲಿ ಖಡಕ್ ಸಿಂಗ್ ಅನ್ನುವವರನ್ನು ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಆದರೂ ರಾತ್ರಿ ಹೊತ್ತು ಪೊಲೀಸರು ಮನೆಗೆ ಬಂದು ಎಬ್ಬಿಸುತ್ತಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ರಾತ್ರಿ ಮನೆಗೆ ಬರುವುದು ತಪ್ಪು ಅಂತ 1962ರಲ್ಲೇ ತೀರ್ಪು ಬಂತು. ಆಗ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂತ ಒಪ್ಪಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನೂ ಒಪ್ಪಿದರು. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು.

ಇನ್ನೊಂದು ಮುಖ್ಯ ಮಾತು. ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಬಹುದು, ಇಲ್ಲವೇ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಬರಬಹುದು. ಜೀಪಣ್ಣನ ವಿಷಯ ಕಾನೂನಿನದ್ದಲ್ಲ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ಕಾಫಿ ಬೆಳೆಗಾರ:

ಬೇಜಾರು ಮಾಡ್ಕೋಬೇಡಮ್ಮ. ನನ್ನದು ಬೇರೆ ಅಭಿಪ್ರಾಯ. ನಮ್ಮ ಜಿಲ್ಲೆಯ ಗಡಿಯ ಕಾಡುಗಳಲ್ಲಿ ನಕ್ಸಲರು ಓಡಾಡಿದ್ದು ಸುಳ್ಳಲ್ಲ. ಹೊರಗಿನವರು ಬಂದು ಹೋಗುವ ಕಡೆ ಪೊಲೀಸರು ಒಂದು ಕಣ್ಣಿಡುವುದು ಅವರ ಕೆಲಸ. ತಪ್ಪು ಮಾಡದವರು ಹೆದರುವುದು ಯಾಕೆ? ನನ್ನ ತೋಟಕ್ಕೂ ಬಂದು ಕೆಲಸಗಾರರ ಆಧಾರ್ ಪ್ರತಿ ಕೇಳಿದ್ದಾರೆ, ಕೊಟ್ಟಿದ್ದೇನೆ. ಏನೂ ಆಗಿಲ್ಲ.

ಬ್ಯಾಡಗೊಟ್ಟದ ಅಕ್ಕ:

ಅಣ್ಣಾ, ತಪ್ಪು ಮಾಡದವರಿಗೆ ಏನೂ ಆಗಲ್ಲ ಅನ್ನುತ್ತೀರಲ್ವಾ. ಕುತ್ಲೂರಿನ ವಿಠಲ ಮಲೆಕುಡಿಯ ನೆನಪಿದ್ದಾರಾ? ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗ. 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟು ಅಂತ ಅವರನ್ನೂ ಅವರ ಅಪ್ಪನನ್ನೂ ಹಿಡಿದರು. ಸಾಕ್ಷಿ ಅಂತ ಇಟ್ಟದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪೇಪರ್ ಕಟಿಂಗ್‌ಗಳು, ಊರಿಗೆ ಸೌಕರ್ಯ ಕೊಡುವ ತನಕ ಓಟು ಹಾಕಲ್ಲ ಅನ್ನುವ ಒಂದು ಪತ್ರ. 2021ರ ಅಕ್ಟೋಬರ್‌ನಲ್ಲಿ ಇಬ್ಬರೂ ನಿರ್ದೋಷಿ ಅಂತ ಕೋರ್ಟು ಹೇಳಿತು. ಒಂಬತ್ತು ವರ್ಷ ಆಗಿತ್ತು. ಅಪ್ಪ ಮಗ ಇಬ್ಬರ ಬದುಕಿನ ಒಂಬತ್ತು ವರ್ಷ.

ತಂಗೀ, ನಾನು ದಿಡ್ಡಳ್ಳಿ ಹಾಡಿಯಲ್ಲಿ ಇದ್ದವಳು. 2016ರ ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆಯವರು 577 ಕುಟುಂಬದ ಗುಡಿಸಲು ಕೆಡವಿದಾಗ ನನ್ನದೂ ಹೋಯಿತು. ಆ ಚಳಿಯಲ್ಲಿ ಮರದ ಕೆಳಗೆ ಟಾರ್ಪಾಲ್ ಕಟ್ಟಿಕೊಂಡು ಇದ್ದಾಗ, ಸಂಜೆ ಆದರೆ ಹೊಸ ಹೊಸ ಮುಖಗಳು ಬಂದು ಕೂರುತ್ತಿದ್ದವು. ಯಾರು ಪೇಪರಿನವರು, ಯಾರು ಮಫ್ತಿಯವರು ಗೊತ್ತಾಗುತ್ತಿರಲಿಲ್ಲ. ನಾವು ಗುಟ್ಟು ಮಾತಾಡುವುದನ್ನೇ ಬಿಟ್ಟೆವು. ಎಲ್ಲ ಮಾತೂ ಬೆಂಕಿ ಸುತ್ತ, ಜೋರಾಗಿ. ಬರೆದುಕೊಳ್ಳುವವರು ಬರೆದುಕೊಳ್ಳಲಿ ಅಂತ. ಒಬ್ಬರನ್ನೊಬ್ಬರು ಅನುಮಾನಿಸಿದ್ದರೆ ಆ ಟಾರ್ಪಾಲ್ ಕೆಳಗೆ ಒಂದು ವಾರವೂ ಇರೋಕೆ ಆಗುತ್ತಿರಲಿಲ್ಲ.

ಗೋಣಿಕೊಪ್ಪ ಇತಿಹಾಸ ಮೇಷ್ಟ್ರು:

ಜೀಪಣ್ಣನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ ಮಗಳೇ. ಇದನ್ನು ನಾನು ಪಾಠದಲ್ಲಿ ಹೇಳಿದವನು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದು.

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 1956ರಿಂದ 1971ರವರೆಗೆ 'ಕೋಯಿಂಟೆಲ್‌ಪ್ರೊ' ಅಂತ ಒಂದು ಗುಟ್ಟಿನ ಕಾರ್ಯಕ್ರಮ ನಡೆಸಿತು. ಶುರು ಮಾಡಿದ್ದು ಕಮ್ಯುನಿಸ್ಟರ ಮೇಲೆ. ಆಮೇಲೆ ಕಪ್ಪು ಜನರ ಹಕ್ಕಿನ ಚಳವಳಿಯ ಮೇಲೂ ಬಿತ್ತು. ಆ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕದ್ದು ಕೇಳಲು 1963ರಲ್ಲಿ ಒಪ್ಪಿಗೆ ಕೊಟ್ಟವರು ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ. ಮಾರನೇ ವರ್ಷ ಕಿಂಗ್ ಅವರಿಗೆ ಹೆಸರಿಲ್ಲದ ಒಂದು ಪತ್ರವನ್ನೂ, ಕದ್ದು ರೆಕಾರ್ಡ್ ಮಾಡಿದ ಟೇಪನ್ನೂ ಕಳಿಸಿದರು. 34 ದಿನ ಇದೆ, ನಿನಗೆ ಉಳಿದಿರುವುದು ಒಂದೇ ದಾರಿ ಅಂತ ಅದರಲ್ಲಿ ಇತ್ತು. ಸಾಯಿ ಅಂತಲೇ ಹೇಳಿದ್ದು ಅಂತ ಕಿಂಗ್ ಅವರಿಗೆ ಅರ್ಥವಾಯಿತು. ಆ ಪೊಟ್ಟಣ ಬಿಚ್ಚಿದ್ದು ಅವರ ಹೆಂಡತಿ ಕೊರೆಟಾ.

ಈ ಕಾರ್ಯಕ್ರಮ ಹೊರಗೆ ಬರಲು ಶುರುವಾದದ್ದು ಹೇಗೆ ಗೊತ್ತಾ? 1971ರ ಮಾರ್ಚ್ 8ರ ರಾತ್ರಿ. ಊರೆಲ್ಲ ಅಲಿ–ಫ್ರೇಸಿಯರ್ ಬಾಕ್ಸಿಂಗ್ ಕೇಳುತ್ತಾ ಕೂತಿತ್ತು. ಪೆನ್ಸಿಲ್ವೇನಿಯಾದ ಮೀಡಿಯಾ ಅನ್ನುವ ಸಣ್ಣ ಊರಿನಲ್ಲಿ ಎಂಟು ಜನ ಎಫ್‌ಬಿಐ ಕಚೇರಿಯ ಬಾಗಿಲು ತೆಗೆದು, ಕಡತಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಹೋಗಿ ಪತ್ರಿಕೆಗಳಿಗೆ ಕಳಿಸಿದರು. ಅದರಲ್ಲಿ ಒಂದು ಹಾಳೆ ನೀನು ಕೇಳಿದ ಪ್ರಶ್ನೆಗೆ ಉತ್ತರ. ಚಳವಳಿಯವರನ್ನು ಹೋಗಿ ಹೋಗಿ ವಿಚಾರಿಸುತ್ತಾ ಇರಿ, ಅವರೊಳಗಿನ ಅಂಜಿಕೆ ಇನ್ನೂ ಹೆಚ್ಚಾಗುತ್ತದೆ, ಪ್ರತಿ ಅಂಚೆಪೆಟ್ಟಿಗೆಯ ಹಿಂದೆಯೂ ಒಬ್ಬ ಎಫ್‌ಬಿಐ ಏಜೆಂಟ್ ಇದ್ದಾನೆ ಅಂತ ಅವರಿಗೆ ಅನ್ನಿಸಬೇಕು ಅಂತ ಅದರಲ್ಲಿ ಬರೆದಿತ್ತು. ನೋಡು, ಅಲ್ಲಿ ಮಾಹಿತಿ ಸಿಗಬೇಕು ಅನ್ನುವುದಕ್ಕಿಂತ ಭಯ ಹುಟ್ಟಬೇಕು ಅನ್ನುವುದೇ ದೊಡ್ಡದಾಗಿತ್ತು.

ಇನ್ನೂ ಕೆಟ್ಟದ್ದು ಒಂದಿದೆ. ಪ್ರಾಮಾಣಿಕವಾಗಿ ದುಡಿಯುವವರ ಮೇಲೆಯೇ ಇವನು ಸುದ್ದಿ ಕೊಡುವವನು ಅಂತ ಪುಕಾರು ಎಬ್ಬಿಸುತ್ತಿದ್ದರು. 1968ರಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಅನ್ನುವ ನಾಯಕ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮನುಷ್ಯ ಅನ್ನಿಸುವ ಹಾಗೆ ಮಾಡಲು ಯೋಜನೆ ಹಾಕಿದ ಕಾಗದ ಇವತ್ತಿಗೂ ಇದೆ. ಪುಕಾರು ಎಬ್ಬಿಸುವುದಕ್ಕೆ ಖರ್ಚಿಲ್ಲ. ಉಳಿದ ಕೆಲಸವನ್ನು ಜೊತೆಯವರೇ ಮಾಡಿ ಮುಗಿಸುತ್ತಾರೆ.

ಹಾಗಂತ ನಿಜವಾದ ಸುದ್ದಿಗಾರರು ಇರಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಶಿಕಾಗೋದಲ್ಲಿ ಕಪ್ಪು ಜನರ ನಾಯಕನಾಗಿ ಫ್ರೆಡ್ ಹ್ಯಾಂಪ್ಟನ್ ಅನ್ನುವ 21 ವರ್ಷದ ಹುಡುಗ ಇದ್ದ. ಅವನ ರಕ್ಷಣೆಯ ಹೊಣೆ ಹೊತ್ತವನೇ ಅವನ ಮನೆಯ ನಕ್ಷೆಯನ್ನು ಎಫ್‌ಬಿಐಗೆ ಕೊಟ್ಟ. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ನುಗ್ಗಿ ಹುಡುಗನನ್ನು ಕೊಂದರು. ಮೆಂಫಿಸ್‌ನಲ್ಲಿ ಅರ್ನೆಸ್ಟ್ ವಿದರ್ಸ್ ಅನ್ನುವ ಫೋಟೊಗ್ರಾಫರ್ ಇದ್ದರು. ಚಳವಳಿಯ ಎಷ್ಟೋ ಹೆಸರಾದ ಚಿತ್ರಗಳು ಅವರವೇ. ಅವರು ಎಫ್‌ಬಿಐಗೆ ಮಾಹಿತಿ ಕೊಡುತ್ತಿದ್ದರು ಅಂತ ಲೋಕಕ್ಕೆ ತಿಳಿದದ್ದು 2010ರಲ್ಲಿ, ಅವರು ತೀರಿಹೋಗಿ ಮೂರು ವರ್ಷ ಆದ ಮೇಲೆ. ಜೊತೆಗೆ ನಡೆದವರಿಗೇ ಗೊತ್ತಾಗಿರಲಿಲ್ಲ. ಹೊರಗಿನಿಂದ ನೋಡಿ ಹಿಡಿಯಲು ಆಗುವ ವಿಷಯವೇ ಅಲ್ಲ ಇದು.

ಅದಕ್ಕೇ ಹೇಳುತ್ತೇನೆ. ಪತ್ತೆ ಮಾಡಲು ಹೋಗಬೇಡ. ಸಭೆಯಲ್ಲಿ ಜೀಪಣ್ಣನ ಹೆಸರು ಎತ್ತಲೂ ಬೇಡ. ಅವರ ಮನೆಗೆ ಹೋಗು. ಜೊತೆಗೆ ವಯಸ್ಸಾದವರು ಯಾರಾದರೂ ಇರಲಿ. ಕೇಳುವುದಕ್ಕಿಂತ ಮೊದಲು ಅವರಿಗೆ ಏನು ಕಷ್ಟ ಬಂದಿದೆ ಅಂತ ತಿಳಿದುಕೋ. ಗುಟ್ಟು ಇಲ್ಲದ ಕಡೆ ಕದಿಯಲು ಏನೂ ಇರುವುದಿಲ್ಲ. ಬ್ಯಾಡಗೊಟ್ಟದ ಅಕ್ಕ ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿದ್ದಾರೆ.

ಕಾಫಿ ಬೆಳೆಗಾರ:

ವಿಠಲ ಅವರ ವಿಷಯ ನನಗೆ ಪೂರ್ತಿ ಗೊತ್ತಿರಲಿಲ್ಲ ಅಕ್ಕ. ಪೊಲೀಸರ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಆ ಅಜ್ಜಿ ಹಾಗೆ ಕೇಳಬೇಕಾಗಿ ಬಂದದ್ದು ಸರಿಯಲ್ಲ. ಹಾಡಿಯವರು ಅರ್ಜಿ ಹಾಕುವುದು ಕಾನೂನು ಕೊಟ್ಟ ಹಕ್ಕು. ಗ್ರಾಮಸಭೆ ದಿನ ನನ್ನ ತೋಟದಲ್ಲಿ ಕೆಲಸ ಮಾಡುವ ಹಾಡಿಯವರಿಗೆ ಅರ್ಧ ದಿನ ರಜೆ ಕೊಡುತ್ತೇನೆ, ಸಂಬಳ ಹಿಡಿಯುವುದಿಲ್ಲ. ಇದು ಕುಯ್ಲಿನ ಕಾಲ, ಆದರೂ.

ಹಾಡಿ ಕಾರ್ಯದರ್ಶಿ (ಮೂರು ವಾರದ ನಂತರ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೇಷ್ಟ್ರು ಹೇಳಿದ ಹಾಗೆ ನಾನು, ನಮ್ಮ ಯಜಮಾನರು, ಆ ನೀಲಿ ಬೆರಳಿನ ಅಜ್ಜಿ, ಮೂವರೂ ಜೀಪಣ್ಣನ ಮನೆಗೆ ಹೋದೆವು. ಸಂಜೆ ಆರೂವರೆ. ಅಣ್ಣ ಜೀಪಿನ ಬಾನೆಟ್ ಎತ್ತಿಕೊಂಡು ಏನೋ ಮಾಡುತ್ತಿದ್ದರು. ನಮ್ಮನ್ನು ನೋಡಿದ ತಕ್ಷಣ ಸ್ಪ್ಯಾನರ್ ಕೆಳಗಿಟ್ಟು ಅಲ್ಲೇ ನಿಂತರು, ಒಳಗೆ ಬನ್ನಿ ಅನ್ನಲಿಲ್ಲ. ಅಜ್ಜಿ ತಾನೇ ಒಳಗೆ ಹೋಗಿ ಒಲೆ ಹತ್ತಿರ ಕೂತರು. ಅತ್ತಿಗೆ ಬೆಲ್ಲದ ಕಾಫಿ ಕೊಟ್ಟರು. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ ಅವರಾಗಿಯೇ ಹೇಳಿದರು.

ಹೌದು, ಎರಡು ಸಲ ಹೇಳಿದ್ದಾರೆ. ಸಭೆ ಯಾವತ್ತು ಅಂತ ಮಾತ್ರ. ಜೀಪಿನ ಎಫ್‌ಸಿ (ಗಾಡಿ ಓಡಿಸಲು ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದಿತ್ತು. ಆ ಬೈಕಿನವರು ದಾರಿಯಲ್ಲಿ ನಿಲ್ಲಿಸಿ, ಗಾಡಿ ಸೀಜ್ ಮಾಡಿಸುತ್ತೇನೆ ಅಂದರಂತೆ. ಆ ಜೀಪು ಬಿಟ್ಟರೆ ಆ ಮನೆಗೆ ಬೇರೆ ದಾರಿ ಇಲ್ಲ. ಯಾರು ಏನು ಮಾತಾಡಿದರು ಅನ್ನುವುದನ್ನು ತಾನು ಹೇಳಿಲ್ಲ ಅಂತ ಮಗುವಿನ ತಲೆ ಮೇಲೆ ಕೈ ಇಟ್ಟರು. ಇನ್ನೊಂದು ಮಾತು ಹೇಳಿದರು, ಅದನ್ನು ಕೇಳಿ ನನಗೆ ಕೈಕಾಲು ತಣ್ಣಗಾಯಿತು. "ನಿಮ್ಮ ಕಾರ್ಯದರ್ಶಿನೇ ನಮಗೆ ಎಲ್ಲ ಹೇಳ್ತಾಳೆ, ನೀನು ಮುಚ್ಚಿಟ್ಟು ಏನು ಸುಖ" ಅಂತ ಆ ಬೈಕಿನವರು ಅಣ್ಣನಿಗೆ ಹೇಳಿದ್ದರಂತೆ. ಅದಕ್ಕೇ ಅವರು ನನ್ನ ಫೋನ್ ಎತ್ತುತ್ತಿರಲಿಲ್ಲ. ಇಷ್ಟು ದಿನ ನಾನು ಅವರ ಬಗ್ಗೆ, ಅವರು ನನ್ನ ಬಗ್ಗೆ.

ಅಜ್ಜಿ ಕೇಳಿದ್ದು ಒಂದೇ. "ಎಫ್‌ಸಿಗೆ ಎಷ್ಟು ಬೇಕು?"

ಈಗ ಸಭೆಯ ದಿನವನ್ನು ನಾವೇ ಚೀಟಿ ಬರೆದು ಪಂಚಾಯಿತಿ ಬೋರ್ಡಿಗೆ, ರೇಷನ್ ಅಂಗಡಿ ಗೋಡೆಗೆ ಅಂಟಿಸುತ್ತೇವೆ. ಠಾಣೆಗೂ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ವಕೀಲರು ಹೇಳಿದ ಮಾತನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಕಳೆದ ಭಾನುವಾರ ಆ ಬೈಕಿನವರು ಮತ್ತೆ ಬಂದರು. ನಾನು ಓದಿ ಹೇಳಿದೆ. ಬರೆದು ಕೊಡುವುದಿಲ್ಲ ಅಂದರು. ಪುಸ್ತಕ ಕೊಡಲಿಲ್ಲ. ಅವರು ಹಲಸಿನ ಮರದ ಕೆಳಗೆ ನಿಂತು ವಿಡಿಯೋ ಮಾಡಿದರು, ನಾವು ಸಭೆ ಮಾಡಿದೆವು. ನನ್ನ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟಗಾಗಿದೆ.

ಬಂದವರು 43. ಇನ್ನೂ ಐದು ಜನ ಬೇಕಿತ್ತು. ಕೋರಂ ಇಲ್ಲ ಅಂತಲೇ ಬರೆದು ಮುಗಿಸಿದೆವು. ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಕರೆದಿದ್ದೇವೆ. ಕೆಳಗಿನ ತೋಟದ ಲೈನ್ ಮನೆಗಳಲ್ಲಿ ಉಳಿದುಕೊಂಡಿರುವ ನಮ್ಮವರು ಏಳು ಜನ ಇದ್ದಾರೆ. ಎರಡೂವರೆಗೆ ಜೀಪಣ್ಣ ಅಲ್ಲಿಗೆ ಹೋಗುತ್ತಾರೆ.