‘ಆಂಕರೇಜ್’ಗೆ ಕನ್ನಡದಲ್ಲಿ ಏನನ್ನೋಣ? ಬಂದರು ಅಂತೂ ಅಲ್ಲ

ಎಲ್ಲರಿಗೂ ನಮಸ್ಕಾರ,

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಹೆಬ್ರಿಡೀಸ್ ದ್ವೀಪಗಳನ್ನು ಹಾಯಿದೋಣಿಯಲ್ಲಿ ಸುತ್ತುವ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಆಂಕರೇಜ್’, ಅಂದರೆ ಲಂಗರು ಇಳಿಸಿ ದೋಣಿ ನಿಲ್ಲಿಸುವ ಜಾಗ, ಬಂದಲ್ಲೆಲ್ಲ ಕೈ ತಡೆಯುತ್ತದೆ.

‘ಬಂದರು’ ಎಂದು ಬರೆದರೆ ನಮಗೆ ಮಲ್ಪೆ, ತದಡಿ ಕಣ್ಣಮುಂದೆ ಬರುತ್ತವೆ: ಧಕ್ಕೆ, ಐಸ್ ಪ್ಲಾಂಟು, ಲಾರಿ, ಮೀನು ಹರಾಜಿನ ಗಲಾಟೆ. ಮಲ್ ದ್ವೀಪದ ಟೋಬರ್‌ಮೋರಿಗೆ ಈ ಪದ ಸಲ್ಲುತ್ತದೆ. ಅಲ್ಲಿ ಊರಿದೆ, ಧಕ್ಕೆಯಿದೆ, ದಂಡೆಯುದ್ದಕ್ಕೂ ಬಣ್ಣಬಣ್ಣದ ಮನೆಗಳಿವೆ. ಆದರೆ ಸ್ಕೈ ದ್ವೀಪದ ಲಾಖ್ ಸ್ಕಾವೇಗ್ ಎಂಬ ಕಡಲ ಕೊಲ್ಲಿಯಲ್ಲಿ ಕೂಲಿನ್ ಬೆಟ್ಟಗಳು ನೇರ ನೀರಿಗಿಳಿದಿವೆ, ಅಷ್ಟೆ. ಲಂಗರು ಇಳಿಸಿ ದೋಣಿಯಲ್ಲೇ ರಾತ್ರಿ ಕಳೆಯಬೇಕು. ಇದಕ್ಕೆ ‘ಲಂಗರುದಾಣ’ ಎಂದು ಹಾಕಿಕೊಂಡಿದ್ದೇನೆ. ‘ತಂಗುದಾಣ’ ಕಿವಿಗೆ ಇನ್ನೂ ಹಿತ, ಆದರೆ ಶಾಸಕರ ಅನುದಾನದಲ್ಲಿ ಕಟ್ಟಿಸಿದ ಬಸ್ ಶೆಲ್ಟರ್ ನೆನಪಾಗುತ್ತದೆ.

ಇನ್ನೊಂದು, ‘ಹೋಲ್ಡಿಂಗ್’, ಅಂದರೆ ಲಂಗರನ್ನು ಕಡಲತಳ ಎಷ್ಟು ಗಟ್ಟಿಯಾಗಿ ಹಿಡಿದಿಡುತ್ತದೆ ಎಂಬುದು. ಅಲ್ಲಿನ ನಾವಿಕರು ಮೊದಲು ಕೇಳುವುದು ಯಾವ ದಿಕ್ಕಿನ ಗಾಳಿಗೆ ಮರೆಯಿದೆ, ತಳ ಎಂಥದು ಎಂದು. ಕೆಸರೋ ಮರಳೋ ಆದರೆ ಲಂಗರಿನ ಮೊನೆ ಹೂತು ಕೂರುತ್ತದೆ. ಕೆಲ್ಪ್ ಎಂಬ ದಪ್ಪ ಕಡಲಪಾಚಿ ಇದ್ದರೆ ಮೊನೆ ಅದರಲ್ಲೇ ಸಿಕ್ಕಿಕೊಂಡು, ಭದ್ರವಾಗಿದೆ ಅನ್ನಿಸಿ, ನಡುರಾತ್ರಿ ಗಾಳಿ ಎದ್ದಾಗ ಜಾರಿಬಿಡುತ್ತದೆ. ‘ಹಿಡಿತ’ ಎನ್ನಬಹುದು. ನನಗೆ ‘ಲಂಗರು ಕಚ್ಚಿತು’, ‘ಕಚ್ಚುವ ತಳ’ ಹೆಚ್ಚು ಇಷ್ಟ. ನಟ್ಟು ಕಚ್ಚಿತು ಅನ್ನುತ್ತೇವಲ್ಲ.

ಯಂತ್ರಾನುವಾದ ‘ಸ್ಪ್ರಿಂಗ್ ಟೈಡ್’ ಅನ್ನು ‘ವಸಂತದ ಉಬ್ಬರ’ ಮಾಡಿಕೊಟ್ಟಿತು. (ಅದೇ ಯಂತ್ರಕ್ಕೆ ‘ಸೌಂಡ್ ಆಫ್ ಮಲ್’ ಎಂಬ ಜಲಸಂಧಿ ‘ಮಲ್‌ನ ಸದ್ದು’!) ಋತುವಿಗೂ ಇದಕ್ಕೂ ಸಂಬಂಧವಿಲ್ಲ, ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಏರುವ ನೀರು. ‘ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರ’ ಎಂದು ತಿದ್ದಿದ್ದೇನೆ, ಏರಿಳಿತ ಕಡಿಮೆಯಿರುವ ‘ನೀಪ್’ಗೆ ‘ಅಷ್ಟಮಿಯ ಉಬ್ಬರ’. ಉದ್ದವಾಯಿತು, ಆದರೆ ಓದುಗನಿಗೆ ದಿನ ಯಾವುದೆಂದು ತಿಳಿಯಲೇಬೇಕು. ಜೂರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ ಕೊರಿವ್ರೆಕನ್ ಎಂಬ ದೊಡ್ಡ ಸುಳಿಯಿದೆ. ಹುಣ್ಣಿಮೆ-ಅಮಾವಾಸ್ಯೆಯ ದಿನಗಳಲ್ಲಿ ಅಲ್ಲಿ ನೀರಿನ ಓಟವೇ 8 ನಾಟ್ ದಾಟುತ್ತದೆ, ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ಸಾಧಾರಣ ಹಾಯಿದೋಣಿ ಓಡುವುದೇ 5-6 ನಾಟ್.

ಸ್ಟಾಫಾ ದ್ವೀಪದ ಆರುಮೂಲೆಯ ಬಸಾಲ್ಟ್ ಸಾಲುಗಳಿಗೆ ‘ಕಲ್ಲುಕಂಬ’ ಸಾಕು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ವಿವರಿಸಬೇಕಿಲ್ಲ.

ಕರಾವಳಿಯವರಲ್ಲಿ ಮುಖ್ಯ ಪ್ರಶ್ನೆ: ಗಾಳಿ ಎದ್ದಾಗ ಬೋಟು ನೇತ್ರಾಣಿಯಂಥ ದ್ವೀಪದ ಗುಡ್ಡದ ಮರೆಗೆ ಹೋಗಿ ನಿಲ್ಲುವ ಜಾಗಕ್ಕೆ ಖಾರ್ವಿ, ಮೊಗೇರ, ಹರಿಕಂತ್ರ ಮೀನುಗಾರರ ಮನೆಮಾತಿನಲ್ಲಿ ಒಂದೇ ಪದವಿದೆಯೇ? ಇದ್ದರೆ ದಯವಿಟ್ಟು ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ. ‘ಲಂಗರುದಾಣ’ವನ್ನು ಕೈಬಿಡಲು ನನಗೇನೂ ಅಡ್ಡಿಯಿಲ್ಲ.